ಬೊಜ್ಜು ಕರಗಿಸುವಾಗಲೂ ಇಷ್ಟದ ತಿನಿಸಿಗೆ ಜಾಗ: ಕ್ಯಾಲೊರಿ ಲೆಕ್ಕದೊಳಗೇ ಸಿಹಿ ತಿನ್ನುವ ಬಗೆ

ತೂಕ ಇಳಿಸಲು ಹೊರಟವರು ಮೊದಲ ದಿನವೇ ನಿಷೇಧದ ಪಟ್ಟಿ ಬರೆಯುತ್ತಾರೆ. ಚಾಕೊಲೇಟ್ ಇಲ್ಲ, ಐಸ್‌ಕ್ರೀಮ್ ಇಲ್ಲ, ಕೇಕ್ ಇಲ್ಲ, ಕರಿದದ್ದು ಇಲ್ಲವೇ ಇಲ್ಲ. ಕೆಲವು ದಿನ ಪಟ್ಟಿಯ ಮಾತು ನಡೆಯುತ್ತದೆ. ಆಮೇಲೊಂದು ಸಂಜೆ ದಣಿದು ಬಂದಾಗ ಒಂದು ತುಂಡು ಬಾಯಿಗೆ ಬೀಳುತ್ತದೆ. ಆ ತುಂಡಿನಿಂದ ಹೆಚ್ಚೆಂದರೆ ನೂರು ಕ್ಯಾಲೊರಿ ಒಳಗೆ ಹೋಗಿರಬಹುದು. ಅದರ ಬೆನ್ನಿಗೇ ಬರುವ ಯೋಚನೆ ಮಾತ್ರ ಬಹಳ ದುಬಾರಿ: "ಹೇಗೂ ಕೆಟ್ಟಾಯಿತು, ಇವತ್ತು ತಿಂದುಬಿಡೋಣ, ಸೋಮವಾರದಿಂದ ಮತ್ತೆ ಶುರು ಮಾಡೋಣ."

ಈ ಸ್ವಭಾವವನ್ನು ಮನೋವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಬಳಿಕ ಐಸ್‌ಕ್ರೀಮಿನ ರುಚಿ ನೋಡಲು ಹೇಳಿದರು. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಊಟದ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನು ಕಡಿಮೆ ತಿಂದರು. ಸದಾ ಬಾಯಿ ಕಟ್ಟಿಕೊಂಡು ಬದುಕುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಹೆಚ್ಚು ತಿಂದರು. ಕಟ್ಟುಪಾಡು ಒಮ್ಮೆ ಮುರಿಯಿತು ಎನಿಸಿದ ಕೂಡಲೇ ಹಿಡಿತವೆಲ್ಲ ಕೈಬಿಟ್ಟುಹೋಗಿತ್ತು.

ಆದ್ದರಿಂದ ನಾನು ಒತ್ತಿ ಹೇಳುವುದು ಒಂದೇ ಮಾತು. ಇಷ್ಟದ ತಿನಿಸನ್ನು ತಿನ್ನುವ ಮೊದಲೇ ಲೆಕ್ಕದಲ್ಲಿ ಬರೆದಿಡಿ. ಬೆಳಿಗ್ಗೆಯೇ ಬರೆದಿಟ್ಟ ಚಾಕೊಲೇಟನ್ನು ರಾತ್ರಿ ತಿಂದರೆ ಯಾವ ನಿಯಮವೂ ಮುರಿಯುವುದಿಲ್ಲ. ಮುರಿಯಲಿಲ್ಲವಾದ್ದರಿಂದ "ಹೇಗೂ ಕೆಟ್ಟಾಯಿತು" ಎಂಬ ಮಾತಿಗೆ ಅವಕಾಶವೂ ಇರುವುದಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಮೊದಲೇ ಬರೆದಿಡುವ ಈ ಒಂದು ಅಭ್ಯಾಸವನ್ನು ರೂಢಿಸಿಕೊಳ್ಳುವುದಕ್ಕಾಗಿಯೇ ಇವೆ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ವಯಸ್ಸಿನ ಮಕ್ಕಳು ಕ್ಯಾಲೊರಿ ಕಡಿತಕ್ಕೆ ತಾವಾಗಿಯೇ ಇಳಿಯಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟದ ಪ್ರಮಾಣ ಬದಲಿಸಬೇಕು. ಹಿಂದೆ ಎಂದಾದರೂ ಹಸಿದು ಹಸಿದು ಒಮ್ಮೆಲೇ ತಿನ್ನುವ, ತಿಂದು ವಾಂತಿ ಮಾಡುವ ತೊಂದರೆ ಅನುಭವಿಸಿದವರಿಗೆ ಈ ತೂಗುವ, ಎಣಿಸುವ ವಿಧಾನ ಒಗ್ಗುವುದಿಲ್ಲ. ಅದು ಹಳೆಯ ಗಾಯವನ್ನು ಕೆದಕಬಹುದು. ಅವರು ತಜ್ಞರ ಜೊತೆಯಲ್ಲೇ ಹೆಜ್ಜೆ ಇಡಲಿ.

1. ದಿನದ ಮಿತಿ ಗೊತ್ತುಮಾಡಿಕೊಳ್ಳಿ

ಮಿತಿ ಗೊತ್ತಿಲ್ಲದೆ ಸಿಹಿಗೆ ಪಾಲು ಕೊಡಲು ಬರುವುದಿಲ್ಲ. ದೇಹ ವಿಶ್ರಾಂತಿಯಲ್ಲಿ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂದು ಅಂದಾಜಿಸಲು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೊರ್ ಸೂತ್ರ ಸಾಕು. ಕಿಲೋಗ್ರಾಂ ತೂಕವನ್ನು 10ರಿಂದ, ಸೆಂಟಿಮೀಟರ್ ಎತ್ತರವನ್ನು 6.25ರಿಂದ ಗುಣಿಸಿ ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಅದರಿಂದ ಕಳೆಯಿರಿ. ಗಂಡಸರು ಕೊನೆಗೆ 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು. ಬಂದ ಸಂಖ್ಯೆಯನ್ನು ನಿಮ್ಮ ಓಡಾಟಕ್ಕೆ ತಕ್ಕಂತೆ ಗುಣಿಸಿ: ದಿನವಿಡೀ ಕುಳಿತೇ ಇರುವವರಿಗೆ 1.2, ಲಘು ವ್ಯಾಯಾಮ ಮಾಡುವವರಿಗೆ 1.375, ವಾರದ ಹೆಚ್ಚಿನ ದಿನ ಸಾಕಷ್ಟು ಬೆವರು ಹರಿಸುವವರಿಗೆ 1.55.

35 ವರ್ಷದ, 70 ಕಿಲೋ ತೂಕದ, 160 ಸೆಂಟಿಮೀಟರ್ ಎತ್ತರದ ಒಬ್ಬ ಮಹಿಳೆಯನ್ನು ತೆಗೆದುಕೊಳ್ಳೋಣ. 700 ಕೂಡಿಸು 1,000, ಕಳೆ 175, ಕಳೆ 161, ಒಟ್ಟು 1,364. ಲಘು ವ್ಯಾಯಾಮದ 1.375ರಿಂದ ಗುಣಿಸಿದರೆ ಸುಮಾರು 1,875. ಇಷ್ಟು ತಿಂದರೆ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಇದರಿಂದ 400 ಕಳೆದರೆ 1,475, ಅದೇ ದಿನದ ಮಿತಿ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸರಿಸುಮಾರು 7,700 ಕ್ಯಾಲೊರಿ ಇರುವುದರಿಂದ, ದಿನಕ್ಕೆ 400ರ ಕೊರತೆಗೆ ವಾರಕ್ಕೆ ಸುಮಾರು 350 ಗ್ರಾಂ ಕೊಬ್ಬು ಕರಗುತ್ತದೆ. ಈ ಮಹಿಳೆಯ ಲೆಕ್ಕವನ್ನೇ ಲೇಖನದುದ್ದಕ್ಕೂ ಬಳಸುತ್ತೇನೆ.

ಸೂತ್ರದ ಉತ್ತರ ಅಂದಾಜು ಮಾತ್ರ. ದಿನವೂ ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಮೂರು ವಾರ ನೋಡಿದರೆ ಮಿತಿ ಸರಿಯಿದೆಯೇ ಎಂಬುದು ತಾನಾಗಿಯೇ ತಿಳಿಯುತ್ತದೆ.

ಇಲ್ಲಿ ಬಹಳ ಜನ ಅವಸರಪಡುತ್ತಾರೆ. ಬೇಗ ಇಳಿಯಲಿ ಎಂದು ಮಿತಿಯನ್ನು 1,100ಕ್ಕೆ ತಂದಿಡುತ್ತಾರೆ. ಆಗ 200 ಕ್ಯಾಲೊರಿಯ ಒಂದು ಸಿಹಿ ದಿನದ ಊಟದ ಐದನೇ ಒಂದು ಪಾಲಿನ ಹತ್ತಿರ ಬಂದುಬಿಡುತ್ತದೆ. ತಿಂದರೆ ಊಟ ಸೊರಗುತ್ತದೆ, ಬಿಟ್ಟರೆ ಮನಸ್ಸು ಸೊರಗುತ್ತದೆ. ಕೊರತೆಯನ್ನು 300ರಿಂದ 500ರೊಳಗೆ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ. ಅವಸರದ ಲೆಕ್ಕದಲ್ಲಿ ಇಷ್ಟದ ತಿನಿಸಿಗೆ ಜಾಗವೇ ಇರುವುದಿಲ್ಲ, ಜಾಗವಿಲ್ಲದ ಲೆಕ್ಕ ತಿಂಗಳುಗಟ್ಟಲೆ ಬಾಳುವುದಿಲ್ಲ.

2. ಊಟ ಮೊದಲು, ಸಿಹಿ ಆಮೇಲೆ

ಹಸಿದ ಹೊಟ್ಟೆಗೆ ಚಾಕೊಲೇಟ್ ಹಾಕಿದರೆ ಒಂದು ತುಂಡಿಗೆ ನಿಲ್ಲುವುದಿಲ್ಲ. ಹಾಗಾಗಿ ಸಿಹಿಯ ಪಾಲು ತೆಗೆಯುವ ಮೊದಲು ಎರಡನ್ನು ಭದ್ರ ಮಾಡಿಕೊಳ್ಳಿ. ಒಂದು ಪ್ರೋಟೀನ್: ಕಿಲೋ ತೂಕಕ್ಕೆ 1.2ರಿಂದ 1.6 ಗ್ರಾಂ, ಅಂದರೆ ನಮ್ಮ ಮಹಿಳೆಗೆ ದಿನಕ್ಕೆ 84ರಿಂದ 112 ಗ್ರಾಂ. ಪ್ರೋಟೀನ್ ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಸಿಡುತ್ತದೆ, ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುವುದನ್ನು ತಡೆಯಲು ನೆರವಾಗುತ್ತದೆ. ಇನ್ನೊಂದು ನಾರಿನಂಶ: ದಿನಕ್ಕೆ 25ರಿಂದ 30 ಗ್ರಾಂ, ತರಕಾರಿ, ಕಾಳು, ಹಣ್ಣು, ಇಡಿ ಧಾನ್ಯಗಳಿಂದ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ಸಿಹಿಗೆ ಜಾಗ ಉಂಟು ಎಂದ ಮಾತ್ರಕ್ಕೆ ಇಡೀ ದಿನವನ್ನು ಪೊಟ್ಟಣದ ತಿನಿಸಿನಿಂದಲೇ ತುಂಬಬಹುದು ಎಂದಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಜನರಿಗೆ ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಅಷ್ಟಾಗಿ ಸಂಸ್ಕರಿಸದ ಆಹಾರವನ್ನೂ ಬಡಿಸಿ, ಬೇಕಾದಷ್ಟು ತಿನ್ನಲು ಬಿಟ್ಟರು. ಬಡಿಸಿದ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡೂ ಕಡೆ ಸಮನಾಗಿತ್ತು. ಆದರೂ ಸಂಸ್ಕರಿಸಿದ ಆಹಾರದ ಎರಡು ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ನಮ್ಮ ಮಹಿಳೆಯ ಇಡೀ ಕೊರತೆಯನ್ನು ನುಂಗಿಹಾಕುವಷ್ಟು ಅದು.

3. ಸಿಹಿಯ ಪಾಲು ಎಷ್ಟು?

ದಿನದ ಮಿತಿಯ 10ರಿಂದ 15 ಶೇಕಡಾ. ನಮ್ಮ ಮಹಿಳೆಗೆ 150ರಿಂದ 220 ಕ್ಯಾಲೊರಿ. ಇದಕ್ಕಿಂತ ಕಡಿಮೆ ಇಟ್ಟರೆ ತಿಂದ ತೃಪ್ತಿಯೇ ಇರುವುದಿಲ್ಲ. 20 ಶೇಕಡಾ ದಾಟಿದರೆ ಪ್ರೋಟೀನು, ತರಕಾರಿಗೆ ಜಾಗ ಸಾಲುವುದಿಲ್ಲ.

ಜೊತೆಗೆ ಇನ್ನೊಂದು ಗಡಿಯೂ ಇದೆ. ಸಕ್ಕರೆ, ಜೇನುತುಪ್ಪ, ಹಣ್ಣಿನ ರಸಗಳಿಂದ ಬರುವ ಸಕ್ಕರೆಯ ಅಂಶ ದಿನದ ಒಟ್ಟು ಶಕ್ತಿಯ 10 ಶೇಕಡಾ ದಾಟಬಾರದು, 5 ಶೇಕಡಾದೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 1,475 ಕ್ಯಾಲೊರಿಯಲ್ಲಿ 10 ಶೇಕಡಾ ಎಂದರೆ 37 ಗ್ರಾಂ, ಒಂಬತ್ತು ಟೀ ಚಮಚ. ಚಹಾ ಕಾಫಿಗೆ ಹಾಕುವ ಸಕ್ಕರೆಯೂ ಇದರಲ್ಲಿ ಸೇರುತ್ತದೆ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ ಎಂಟು ಚಮಚ ಅಲ್ಲಿಗೇ ಮುಗಿಯಿತು. ಅಂಥವರು ಮೊದಲು ಚಹಾದ ಸಕ್ಕರೆ ಕಡಿಮೆ ಮಾಡಿದರೆ ದಿನಕ್ಕೆ ನೂರು ಕ್ಯಾಲೊರಿ ಉಳಿದು, ನಿಜವಾದ ಸಿಹಿಗೆ ದಾರಿಯಾಗುತ್ತದೆ.

150ರಿಂದ 200 ಕ್ಯಾಲೊರಿ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಅಂದಾಜು ಇಲ್ಲಿದೆ. ಪೊಟ್ಟಣದಿಂದ ಪೊಟ್ಟಣಕ್ಕೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ.

- ಡಾರ್ಕ್ ಚಾಕೊಲೇಟ್: 25–30 ಗ್ರಾಂ
- ವೆನಿಲಾ ಐಸ್‌ಕ್ರೀಮ್: 80–90 ಗ್ರಾಂ
- ಆಲೂಗಡ್ಡೆ ಚಿಪ್ಸ್: 30 ಗ್ರಾಂ
- ಬೆಣ್ಣೆ ಬಿಸ್ಕತ್ತು: 35–40 ಗ್ರಾಂ
- ಕ್ರೀಮ್ ಕೇಕ್: 45–50 ಗ್ರಾಂ, ಅಂದರೆ ಸಾಮಾನ್ಯ ತುಂಡಿನ ಅರ್ಧ
- ಸಕ್ಕರೆ ಹಾಕಿದ ತಂಪು ಪಾನೀಯ: 400 ಮಿಲಿಲೀಟರ್

ಕೊನೆಯದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಕುಡಿದ ಕ್ಯಾಲೊರಿ ಹಸಿವನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಎರಡು ನಿಮಿಷದಲ್ಲಿ ಲೋಟ ಖಾಲಿಯಾಗುತ್ತದೆ, ಮುಂದಿನ ಊಟ ಎಂದಿನಷ್ಟೇ ಬೇಕಾಗುತ್ತದೆ.

4. ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಒಂದು ವಾರ, ಊಟದ ಹೊರತಾಗಿ ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಿ. ಕಚೇರಿಯಲ್ಲಿ ಚಹಾದ ಜೊತೆ ಬಂದ ಬಿಸ್ಕತ್ತು, ಮಕ್ಕಳು ತಟ್ಟೆಯಲ್ಲಿ ಬಿಟ್ಟ ಕೊನೆಯ ತುಂಡು, ಯಾರೋ ಹಂಚಿದ ಪೆಪ್ಪರ್‌ಮಿಂಟ್, ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡ ಹಿಡಿ ಕಡಲೆಬೀಜ. ಪ್ರತಿಯೊಂದರ ಪಕ್ಕದಲ್ಲಿ ಹತ್ತಕ್ಕೆ ಎಷ್ಟು ಅಂಕ ಎಂದು ಬರೆಯಿರಿ. ಅಂಕ ತಿನಿಸಿನ ಖ್ಯಾತಿಗಲ್ಲ, ತಿಂದಾಗ ನಿಮಗಾದ ಸಂತೋಷಕ್ಕೆ.

ವಾರದ ಕೊನೆಗೆ ಪಟ್ಟಿ ಓದಿ. ಬಹುಪಾಲು ಸಾಲುಗಳಿಗೆ ನಾಲ್ಕು, ಐದು ಅಂಕ ಬಿದ್ದಿರುತ್ತದೆ. ಮೆತ್ತಗಾದ ಬಿಸ್ಕತ್ತಿಗೆ ನಾಲ್ಕು ಅಂಕ, ಆದರೆ ಕ್ಯಾಲೊರಿ ಮಾತ್ರ ಪೂರ್ತಿ. ಎದುರಿಗಿತ್ತು, ತಿಂದೆವು, ಅಷ್ಟೇ. ಎಂಟಕ್ಕಿಂತ ಕಡಿಮೆ ಅಂಕದ್ದನ್ನೆಲ್ಲ ಹೊಡೆದುಹಾಕಿ. ಉಳಿದ ಮೂರೋ ನಾಲ್ಕೋ ತಿನಿಸುಗಳೇ ನಿಮ್ಮವು. ಸಿಹಿಯ ಪಾಲು ಪೂರ್ತಿ ಅವಕ್ಕೇ ಸಲ್ಲಬೇಕು. ಇದನ್ನು ಮನಸ್ಸಿಟ್ಟು ಮಾಡಿದವರಿಗೆ ಏನನ್ನೋ ಕಳೆದುಕೊಂಡೆವು ಎನಿಸುವುದಿಲ್ಲ, ಏಕೆಂದರೆ ಹೋದದ್ದು ಅವರಿಗೆ ಅಷ್ಟೇನೂ ಬೇಡವಾಗಿದ್ದದ್ದು.

ಪಟ್ಟಿಯಲ್ಲಿ ಉಳಿದವುಗಳಲ್ಲೂ ಒಂದು ವಿಂಗಡಣೆ ಬೇಕು. ಕೆಲವು ತಿನಿಸು ಎದುರಿಗಿದ್ದರೂ ಒಂದು ತುಂಡಿಗೆ ಕೈ ನಿಲ್ಲುತ್ತದೆ. ಕೆಲವು ಒಮ್ಮೆ ಬಾಯಿಗೆ ಬಿದ್ದರೆ ಪೊಟ್ಟಣ ಮುಗಿಯುವವರೆಗೆ ಕೈ ತಡೆಯುವುದಿಲ್ಲ. ಉಪ್ಪು, ಕೊಬ್ಬು, ಗರಿಗರಿ ಮೂರೂ ಸೇರಿದ ಚಿಪ್ಸ್ ಬಹಳ ಜನರಿಗೆ ಈ ಗುಂಪಿನದು. ಮೊದಲ ಗುಂಪಿನದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಎರಡನೆಯದನ್ನು ಹೊರಗೆ, ಒಬ್ಬರಿಗಾಗುವ ಚಿಕ್ಕ ಪೊಟ್ಟಣದಲ್ಲಿ ಕೊಂಡು ಅಲ್ಲೇ ತಿಂದು ಮುಗಿಸಿ. ಇದಕ್ಕೆ ಮನೋಬಲದ ಪರೀಕ್ಷೆ ಬೇಕಾಗಿಲ್ಲ. ರಾತ್ರಿ ಹತ್ತು ಗಂಟೆಗೆ ಮನೆಯಲ್ಲಿ ಇಲ್ಲದ್ದನ್ನು ತಿನ್ನಲು ಬರುವುದಿಲ್ಲ, ಅಷ್ಟು ಸಾಕು.

"ಆರೋಗ್ಯಕರ" ಎಂದು ಬರೆದುಕೊಂಡು ಬರುವ ಬದಲಿ ತಿನಿಸುಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಜೇನುತುಪ್ಪ 100 ಗ್ರಾಮಿಗೆ ಸುಮಾರು 300 ಕ್ಯಾಲೊರಿ, ಖರ್ಜೂರ ಸುಮಾರು 280. ಸಕ್ಕರೆಗಿಂತ ಕಡಿಮೆ, ನಿಜ. ಆದರೆ ಹೆದರಿಕೆಯಿಲ್ಲದೆ ಎರಡರಷ್ಟು ಹಾಕಿಕೊಂಡರೆ ಉಳಿತಾಯವೆಲ್ಲಿ? ಸಕ್ಕರೆರಹಿತ ಚಾಕೊಲೇಟಿನಲ್ಲಿ ಸಕ್ಕರೆ ಮಾತ್ರ ಹೋಗಿರುತ್ತದೆ, ಕೋಕೋ ಬೆಣ್ಣೆಯ ಕೊಬ್ಬು ಗ್ರಾಮಿಗೆ 9 ಕ್ಯಾಲೊರಿಯಂತೆ ಹಾಗೆಯೇ ಇರುತ್ತದೆ. ಸಕ್ಕರೆಯ ಬದಲು ಮಾಲ್ಟಿಟಾಲ್ ಹಾಕಿದ್ದರೆ ಹೆಚ್ಚು ತಿಂದಾಗ ಹೊಟ್ಟೆಯೂ ಕೆಡುತ್ತದೆ. ಕ್ಯಾಲೊರಿ ಇಲ್ಲದ ಸಿಹಿಕಾರಕಗಳನ್ನು ತೂಕ ಹತೋಟಿಯ ಸಾಧನವಾಗಿ ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು. ದಿನವೂ ಸಕ್ಕರೆಯ ಪಾನೀಯ ಕುಡಿಯುವವರು ಅದನ್ನು ಬಿಡುವ ದಾರಿಯಲ್ಲಿ ಕೆಲಕಾಲ ಇವನ್ನು ಬಳಸುವುದರಲ್ಲಿ ನನಗೆ ತಕರಾರಿಲ್ಲ. ಐಸ್‌ಕ್ರೀಮ್ ಬೇಕೆನಿಸಿದ ಮನಸ್ಸಿಗೆ ಮಾತ್ರ ಐಸ್‌ಕ್ರೀಮನ್ನೇ ಕೊಡಿ. ಇಲ್ಲದಿದ್ದರೆ ಮೊಸರು, ಆಮೇಲೆ ಹಣ್ಣು, ಆಮೇಲೆ ಪ್ರೋಟೀನ್ ಬಾರ್, ಕೊನೆಗೆ ಐಸ್‌ಕ್ರೀಮ್ ಎಂದು ನಾಲ್ಕೂ ಹೊಟ್ಟೆ ಸೇರುತ್ತವೆ.

5. ತೂಗಿ ಬಡಿಸಿಕೊಳ್ಳಿ

ಕೊಬ್ಬು ಮತ್ತು ಸಕ್ಕರೆ ಒಟ್ಟಿಗೆ ಸೇರಿದ ತಿನಿಸಿನಲ್ಲಿ ಕಣ್ಣಳತೆ ನಡೆಯುವುದಿಲ್ಲ. ಸೌತೆಕಾಯಿಯಲ್ಲಿ 50 ಗ್ರಾಂ ತಪ್ಪಿದರೆ ಏಳೆಂಟು ಕ್ಯಾಲೊರಿ ವ್ಯತ್ಯಾಸ. ಚಾಕೊಲೇಟಿನಲ್ಲಿ ಅಷ್ಟೇ ತಪ್ಪಿದರೆ ಮುನ್ನೂರರ ಹತ್ತಿರ. ಅಡುಗೆಮನೆಯಲ್ಲಿ ಇಡುವ ಚಿಕ್ಕ ಡಿಜಿಟಲ್ ತಕ್ಕಡಿಯೊಂದು ಇದಕ್ಕೆ ಬೇಕೇ ಬೇಕು. ತರಕಾರಿ ತೂಗದಿದ್ದರೂ ಚಿಂತೆಯಿಲ್ಲ, ಎಣ್ಣೆ ಮತ್ತು ಸಿಹಿಯನ್ನು ತೂಗಿ.

ಐಸ್‌ಕ್ರೀಮ್ ತೂಗುವ ಸುಲಭದ ವಿಧಾನ ಹೇಳುತ್ತೇನೆ. ಬಟ್ಟಲನ್ನಲ್ಲ, ಐಸ್‌ಕ್ರೀಮಿನ ಡಬ್ಬಿಯನ್ನೇ ತಕ್ಕಡಿಯ ಮೇಲಿಡಿ. ಗುಂಡಿ ಒತ್ತಿ ಸೊನ್ನೆಗೆ ತನ್ನಿ. ಈಗ ಚಮಚದಿಂದ ತೆಗೆದು ಬಟ್ಟಲಿಗೆ ಹಾಕುತ್ತ ಹೋದಂತೆ ತಕ್ಕಡಿ ಋಣ ಸಂಖ್ಯೆ ತೋರಿಸುತ್ತದೆ: ಕಳೆ 30, ಕಳೆ 55, ಕಳೆ 82. ನಿಲ್ಲಿಸಿ. ತೆಗೆದದ್ದು 82 ಗ್ರಾಂ, ಸುಮಾರು 170 ಕ್ಯಾಲೊರಿ. ಚಮಚ ನೆಕ್ಕಿದರೆ ಅದೂ ಈ ಲೆಕ್ಕದಲ್ಲಿ ಬಂದುಬಿಡುತ್ತದೆ, ಅದೇ ಈ ವಿಧಾನದ ಗುಣ. ಬೆಣ್ಣೆ, ಜ್ಯಾಮ್, ಕಡಲೆಬೀಜದ ಬೆಣ್ಣೆ ಮುಂತಾದ ಅಂಟುವ ವಸ್ತುಗಳಿಗೂ ಹೀಗೆಯೇ ಮಾಡಿ. ತೂಗಿದ ಮೇಲೆ ಡಬ್ಬಿ ಫ್ರೀಜರಿಗೆ ವಾಪಸು ಹೋಗಬೇಕು, ಆಮೇಲೆ ನೀವು ಕುಳಿತುಕೊಳ್ಳಬೇಕು. ಈ ಕ್ರಮ ತಪ್ಪಬಾರದು.

ಪೊಟ್ಟಣದ ಹಿಂಭಾಗ ಓದುವಾಗ 100 ಗ್ರಾಮಿನ ಸಾಲನ್ನು ನೋಡಿ. "ಒಂದು ಸರ್ವಿಂಗ್‌ಗೆ 160" ಎಂದು ಬರೆದ ಪೊಟ್ಟಣದಲ್ಲಿ ಎರಡೂವರೆ ಸರ್ವಿಂಗ್ ಇದ್ದರೆ ಪೂರ್ತಿ ತಿಂದವರಿಗೆ ಸಿಗುವುದು 400. ಸಂಖ್ಯೆ ಕಿಲೋಜೂಲ್‌ನಲ್ಲಿದ್ದರೆ 4.2ರಿಂದ ಭಾಗಿಸಿ.

6. ತಿನ್ನುವ ಹೊತ್ತು, ತಿನ್ನುವ ರೀತಿ

ರಾತ್ರಿ ತಿಂದ ಸಿಹಿ ಕೊಬ್ಬಾಗುತ್ತದೆ, ಹಗಲು ತಿಂದದ್ದು ಆಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಒಟ್ಟು ಲೆಕ್ಕವೇ ಮುಖ್ಯ. ಹೊತ್ತು ಮುಖ್ಯವಾಗುವುದು ಹಸಿವಿನ ಕಾರಣಕ್ಕೆ. ಊಟ ಮುಗಿದ ಕೂಡಲೇ ತಿಂದರೆ ಸ್ವಲ್ಪದಲ್ಲೇ ಸಾಕೆನಿಸುತ್ತದೆ. ಸಂಜೆ ಐದೂವರೆಯ ಕಡು ಹಸಿವಿನಲ್ಲಿ ತಿಂದರೆ ಸಾಕೆನಿಸುವುದೇ ಇಲ್ಲ. ಸಕ್ಕರೆಯನ್ನು ದಿನವಿಡೀ ಚೂರು ಚೂರಾಗಿ ತಿನ್ನುವುದಕ್ಕಿಂತ ಊಟದ ಜೊತೆಗೆ ಮುಗಿಸುವುದು ಹಲ್ಲಿಗೂ ಒಳ್ಳೆಯದು. ರಾತ್ರಿ ನಿದ್ದೆಗೆಟ್ಟ ಮರುದಿನ ಹಸಿವು, ಸಿಹಿಯ ಆಸೆ ಎರಡೂ ಹೆಚ್ಚಿರುತ್ತವೆ. ಅಂಥ ದಿನ ತಿನಿಸನ್ನು ಬೆಳಿಗ್ಗೆಯೇ ತೂಗಿ ಮುಚ್ಚಳದ ಡಬ್ಬಿಯಲ್ಲಿಟ್ಟುಬಿಡಿ.

ಹೊಟ್ಟೆ ತುಂಬಿದ ಮೇಲೂ ಸಿಹಿಗೆ ಜಾಗ ಉಳಿಯುವುದಕ್ಕೆ ಕಾರಣವಿದೆ. ಒಂದೇ ರುಚಿಯನ್ನು ತಿನ್ನುತ್ತ ಹೋದಂತೆ ಆ ರುಚಿಯ ಮೇಲಿನ ಆಸೆ ಇಳಿಯುತ್ತದೆ, ಬೇರೆ ರುಚಿಯ ಮೇಲಿನ ಆಸೆ ಹಾಗೆಯೇ ಉಳಿದಿರುತ್ತದೆ. ಬಾರ್ಬರಾ ರೋಲ್ಸ್ ಮತ್ತು ಎಡ್ಮಂಡ್ ರೋಲ್ಸ್ 1980ರ ದಶಕದ ಆರಂಭದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ನಮಗೆ ಇದರ ಉಪಯೋಗ ಏನೆಂದರೆ, ಒಂದು ಹೊತ್ತಿಗೆ ಒಂದೇ ಬಗೆಯ ಸಿಹಿ ಇರಲಿ. ಮೂರು ಬಗೆಯನ್ನು ಚೂರು ಚೂರು ಇಟ್ಟುಕೊಂಡರೆ ಮೂರರ ಆಸೆಯೂ ತೀರುವುದಿಲ್ಲ.

ತಿನ್ನುವಾಗ ಮೊಬೈಲ್ ದೂರವಿರಲಿ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಾಯಿಯ ಬಿಸಿಗಿಂತ ಸ್ವಲ್ಪವೇ ಕೆಳಗೆ. ಒಳ್ಳೆಯ ಚಾಕೊಲೇಟಿನ ಒಂದು ಚೌಕವನ್ನು ನಾಲಿಗೆಯ ಮೇಲಿಟ್ಟು ಕಡಿಯದೆ ಬಿಟ್ಟರೆ, ಮೊದಲು ಅಂಚು ಮೆತ್ತಗಾಗಿ, ಕಹಿ ಬಂದು, ಅದರ ಹಿಂದೆ ನಿಧಾನವಾಗಿ ಸಿಹಿ ಬರುತ್ತದೆ. ಒಂದು ಚೌಕಕ್ಕೆ ಒಂದೆರಡು ನಿಮಿಷ ಹಿಡಿಯುತ್ತದೆ. ಕಡಿದು ನುಂಗಿದರೆ ಅಷ್ಟರಲ್ಲಿ ಐದು ಚೌಕ ಹೋಗಿರುತ್ತವೆ. ಐಸ್‌ಕ್ರೀಮನ್ನು ಫ್ರೀಜರಿನಿಂದ ತೆಗೆದು ಐದು ನಿಮಿಷ ಹೊರಗಿಡಿ. ತೀರಾ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಸರಿಯಾಗಿ ತಿಳಿಯುವುದಿಲ್ಲ. ಸ್ವಲ್ಪ ಮೆತ್ತಗಾದ ಮೇಲೆ ಅದೇ 82 ಗ್ರಾಂ ಹೆಚ್ಚು ರುಚಿಯಾಗುತ್ತದೆ.

7. ಮದುವೆ, ಹುಟ್ಟುಹಬ್ಬ, ಹೋಟೆಲಿನ ಊಟ

ಇಂಥ ದಿನಕ್ಕೆ 200 ಕ್ಯಾಲೊರಿ ಸಾಲುವುದಿಲ್ಲ. ಆಗ ವಾರವನ್ನು ಒಟ್ಟಾಗಿ ನೋಡಿ. 1,475ನ್ನು ಏಳರಿಂದ ಗುಣಿಸಿದರೆ 10,325. ಶನಿವಾರದ ಸಮಾರಂಭ ಮೊದಲೇ ಗೊತ್ತಿದ್ದರೆ ಉಳಿದ ಆರು ದಿನ ತಲಾ 100 ಕ್ಯಾಲೊರಿ ಕಡಿಮೆ ತಿಂದರೆ ಶನಿವಾರಕ್ಕೆ 600 ಹೆಚ್ಚು ಸಿಗುತ್ತದೆ: 2,075. ದಿನದ ಸಿಹಿಯ ಪಾಲಿನಲ್ಲೇ ಈ ನೂರನ್ನು ತೆಗೆಯಿರಿ, ಊಟದಲ್ಲಿ ತೆಗೆಯಬೇಡಿ. ದಿನಕ್ಕೆ ನೂರು, ನೂರೈವತ್ತಕ್ಕಿಂತ ಹೆಚ್ಚು ಕೂಡಿಡುವುದೂ ಬೇಡ. ವಾರವಿಡೀ ಹಸಿದವರು ಶನಿವಾರ ಕೂಡಿಟ್ಟದ್ದಕ್ಕಿಂತ ಹೆಚ್ಚು ತಿನ್ನುತ್ತಾರೆ.

ಆ ದಿನ ಬೆಳಿಗ್ಗೆಯಿಂದ ಉಪವಾಸವಿದ್ದು ಹೋಗಬೇಡಿ. ಪ್ರೋಟೀನ್ ಇರುವ ತಿಂಡಿ, ತರಕಾರಿ ಇರುವ ಊಟ ಮುಗಿಸಿಯೇ ಹೊರಡಿ. ಅಲ್ಲಿ ಏನೇನಿದೆ ಎಂದು ಒಮ್ಮೆ ಪೂರ್ತಿ ನೋಡಿದ ಮೇಲೆ ತಟ್ಟೆ ಹಿಡಿಯಿರಿ. ನಿಮ್ಮ ಎಂಟು ಅಂಕದ್ದು ಯಾವುದೋ ಅದನ್ನು ಮಾತ್ರ ಬಡಿಸಿಕೊಳ್ಳಿ. ಒತ್ತಾಯ ಮಾಡುವವರಿಗೆ "ಆಯಿತು, ತುಂಬಾ ಚೆನ್ನಾಗಿತ್ತು" ಎಂದರೆ ಸಾಕು. ಡಯಟ್ ಎಂಬ ಮಾತು ತೆಗೆದರೆ ವಾದ ಶುರುವಾಗುತ್ತದೆ. ಮದ್ಯ ಕುಡಿಯುವವರು ಅದರ ಆಲ್ಕೊಹಾಲ್ ಗ್ರಾಮಿಗೆ 7 ಕ್ಯಾಲೊರಿ ಎಂಬುದನ್ನು ಮರೆಯಬಾರದು, ಅದೂ ಇದೇ 2,075ರೊಳಗೆ ಬರಬೇಕು.

8. ಮಿತಿ ದಾಟಿದ ಮರುದಿನ

ದಾಟುವ ದಿನ ಬಂದೇ ಬರುತ್ತದೆ. ಆಗ ನಿಜವಾಗಿ ಏನಾಯಿತು ಎಂದು ಲೆಕ್ಕ ಹಾಕಿ. ನಮ್ಮ ಮಹಿಳೆ ಮಿತಿಗಿಂತ 800 ಕ್ಯಾಲೊರಿ ಹೆಚ್ಚು ತಿಂದರು ಎನ್ನೋಣ. ಒಟ್ಟು 2,275. ಅವರ ತೂಕವನ್ನು ಇದ್ದಲ್ಲೇ ಉಳಿಸುವ ಅಳತೆ 1,875. ಅದಕ್ಕಿಂತ ಹೆಚ್ಚಾದದ್ದು 400. ಕೊಬ್ಬಿನ ಲೆಕ್ಕದಲ್ಲಿ ಅದು ಸುಮಾರು 50 ಗ್ರಾಂ. ಗುರಿ ಎರಡು ದಿನ ಹಿಂದೆ ಸರಿಯಿತು, ಅಷ್ಟೇ.

ಬೆಳಿಗ್ಗೆ ತೂಕದ ಯಂತ್ರ ಹತ್ತಿದರೆ ಒಂದು ಕಿಲೋ ಹೆಚ್ಚಿರಬಹುದು, ಕೆಲವೊಮ್ಮೆ ಒಂದೂವರೆ. ಎದೆ ಒಡೆಯುವ ಸಂಗತಿ ಇದು, ಆದರೆ ಅದು ಕೊಬ್ಬಲ್ಲ. ಹೆಚ್ಚು ತಿಂದ ಕಾರ್ಬೊಹೈಡ್ರೇಟಿನ ಒಂದು ಭಾಗ ಗ್ಲೈಕೊಜನ್ ಆಗಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡುತ್ತದೆ, ಪ್ರತಿ ಗ್ರಾಂ ಗ್ಲೈಕೊಜನ್ ಸುಮಾರು 3 ಗ್ರಾಂ ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ. ಉಪ್ಪು ಇನ್ನಷ್ಟು ನೀರು ಹಿಡಿದಿಡುತ್ತದೆ. ತಿಂದ ಆಹಾರದ ಭಾರವೂ ಇನ್ನೂ ಕರುಳಿನಲ್ಲಿರುತ್ತದೆ. ಎಂದಿನ ಊಟಕ್ಕೆ ಮರಳಿದರೆ ಮೂರು ನಾಲ್ಕು ದಿನಗಳಲ್ಲಿ ಇದೆಲ್ಲ ಇಳಿಯುತ್ತದೆ.

ಆದ್ದರಿಂದ ಮರುದಿನ ಮಾಡಬೇಕಾದದ್ದು ಎಂದಿನ 1,475, ಎಂದಿನ ಸಿಹಿಯ ಪಾಲೂ ಸೇರಿ. ಸಿಹಿಯನ್ನು ಬಿಡಬೇಡಿ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಶಿಕ್ಷೆಯೆಂದು ಅದನ್ನು ಕಿತ್ತುಕೊಂಡರೆ ನಿಷೇಧದ ಪಟ್ಟಿ ಮತ್ತೆ ಜೀವ ತಳೆಯುತ್ತದೆ.

ತಿಂದದ್ದನ್ನು ನಡೆದು ಕರಗಿಸುತ್ತೇನೆ ಎಂದೂ ಹೊರಡಬೇಡಿ. 70 ಕಿಲೋ ತೂಕದವರು ಒಂದು ಗಂಟೆ ಸಾಧಾರಣ ವೇಗದಲ್ಲಿ ನಡೆದರೆ, ಸುಮ್ಮನೆ ಕುಳಿತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದು, ಉಳಿಯುವುದು ಸುಮಾರು 175 ಕ್ಯಾಲೊರಿ. ಕ್ಯಾಲೊರಿ ಎಣಿಸುವ ಕೈಗಡಿಯಾರ ಇದಕ್ಕಿಂತ ಬಹಳ ಹೆಚ್ಚು ತೋರಿಸಬಹುದು. ಅಲ್ಲದೆ ಮೊದಲ ಹೆಜ್ಜೆಯಲ್ಲಿ 1.375ರಿಂದ ಗುಣಿಸುವಾಗಲೇ ಈ ನಡಿಗೆ ಲೆಕ್ಕಕ್ಕೆ ಬಂದಿದೆ. ಅದನ್ನೇ ಮತ್ತೆ ಸಿಹಿಗೆ ಖರ್ಚು ಮಾಡಿದರೆ ಎರಡು ಸಲ ಎಣಿಸಿದಂತೆ. ನಡಿಗೆ ದಿನವೂ ಇರಲಿ, ತಿಂದರೂ ತಿನ್ನದಿದ್ದರೂ.

9. ತೂಕ ಇಳಿಯದೆ ನಿಂತರೆ

ಮೂರು ವಾರದ ಸರಾಸರಿ ಕದಲದಿದ್ದರೆ ಎಲ್ಲರ ಕೈಯೂ ಮೊದಲು ಹೋಗುವುದು ಸಿಹಿಯ ಪಾಲಿಗೆ. ಆದರೆ ಅದು ಗ್ರಾಂ ಲೆಕ್ಕದಲ್ಲಿ ತೂಗಿಟ್ಟ ಭಾಗ, ತಪ್ಪು ಅಲ್ಲಿರುವ ಸಂಭವ ಕಡಿಮೆ. ಮೊದಲು ಬರೆಯದೆ ಬಿಟ್ಟದ್ದನ್ನು ಹುಡುಕಿ. ಅಡುಗೆಗೆ ಕಣ್ಣಳತೆಯಲ್ಲಿ ಸುರಿದ ಎಣ್ಣೆ ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ರುಚಿ ನೋಡಿದ ಸೌಟುಗಳು, ಲೆಕ್ಕಕ್ಕೆ ಬಾರದ ಭಾನುವಾರ, ಹಾಲಿನ ಎರಡನೇ ಲೋಟ. ಒಂದು ವಾರ ಎಲ್ಲವನ್ನೂ ತೂಗಿ ಬರೆದರೆ ಸಾಮಾನ್ಯವಾಗಿ ಕಾರಣ ಸಿಗುತ್ತದೆ. ಮುಟ್ಟಿನ ಆಸುಪಾಸಿನ ದಿನಗಳಲ್ಲಿ ನೀರು ನಿಲ್ಲುವುದರಿಂದ ಹೆಂಗಸರು ಈ ತಿಂಗಳ ತೂಕವನ್ನು ಕಳೆದ ತಿಂಗಳ ಅದೇ ದಿನಗಳ ಜೊತೆಗೆ ಹೋಲಿಸುವುದು ಸರಿ.

ಬರೆದದ್ದೆಲ್ಲ ಸರಿಯಿದ್ದರೆ, ತೂಕ ಇಳಿದ ದೇಹಕ್ಕೆ ಕಡಿಮೆ ಶಕ್ತಿ ಸಾಕಾಗಿದೆ ಎಂದು ಅರ್ಥ. ನಾಲ್ಕೈದು ಕಿಲೋ ಇಳಿದಾಗಲೊಮ್ಮೆ ಸೂತ್ರವನ್ನು ಮತ್ತೆ ಹಾಕಿ. ನಮ್ಮ ಮಹಿಳೆ 65 ಕಿಲೋಗೆ ಬಂದಾಗ ತೂಕವನ್ನು ಇದ್ದಲ್ಲೇ ಉಳಿಸುವ ಅಳತೆ ಸುಮಾರು 1,805, ಹೊಸ ಮಿತಿ 1,405. ಸಿಹಿಯ ಪಾಲು 150–220ರಿಂದ 140–210ಕ್ಕೆ ಬರುತ್ತದೆ. ಚಾಕೊಲೇಟಿನಲ್ಲಿ ಅದು ಎರಡು ಗ್ರಾಮಿನ ವ್ಯತ್ಯಾಸ, ಚೌಕದ ಒಂದು ಮೂಲೆಯಷ್ಟು. ಉಳಿದ ಅರವತ್ತು ಕ್ಯಾಲೊರಿಯನ್ನು ಅಡುಗೆಯ ಎಣ್ಣೆಯಲ್ಲಿ ಅರ್ಧ ದೊಡ್ಡ ಚಮಚ ತಗ್ಗಿಸಿ ಸರಿದೂಗಿಸಬಹುದು.